ದೊಡ್ಡಪ್ಪನ ಗಡಿಯಾರಕ್ಕೆ ರಬ್ಬರ್ ಪಟ್ಟಿ

ಇಣುಕಿಯ ಮುಂದೆ ಮುಚ್ಚಿದ ಡಬ್ಬಿ ಇಟ್ಟು ಎದ್ದು ಹೋಗಬೇಡಿ. ನೀವು ತಿರುಗಿ ಬರುವಷ್ಟರಲ್ಲಿ ಮುಚ್ಚಳ ಒಂದು ಕಡೆ, ಒಳಗಿದ್ದದ್ದು ಇನ್ನೊಂದು ಕಡೆ ಬಿದ್ದಿರುತ್ತದೆ. ಇದೇನು, ಇದು ಯಾಕೆ ಹೀಗಿದೆ ಎಂದು ನಿಮ್ಮನ್ನೇ ಪ್ರಶ್ನೆ ಕೇಳುತ್ತಾಳೆ. ಆ ಹೆಸರು ಅವಳಿಗೆ ಅಪ್ಪ ಅಮ್ಮ ಇಟ್ಟದ್ದಲ್ಲ, ದೊಡ್ಡಪ್ಪ ಇಟ್ಟದ್ದು. ತೊಟ್ಟಿಲಲ್ಲಿದ್ದಾಗಲೇ ಅಂಚಿನ ಮೇಲಿಂದ ಇಣುಕುತ್ತಿದ್ದಳಂತೆ. ಈಗ ಮೂವತ್ತು ದಾಟಿದೆ, ರಬ್ಬರ್ ಸಾಮಾನಿನ ಅಂಗಡಿ ನಡೆಸುತ್ತಾಳೆ, ಆದರೂ ಹೆಸರು ಅವಳನ್ನು ಬಿಟ್ಟಿಲ್ಲ. ಬಿಡುವ ಹಾಗೆ ಅವಳೂ ನಡೆದುಕೊಂಡಿಲ್ಲ ಅನ್ನಿ.

ಅಂಗಡಿ ಸಣ್ಣದು. ಗೋಡೆ ತುಂಬ ಮೊಳೆ, ಮೊಳೆ ತುಂಬ ವಾಷರ್, ಗ್ಯಾಸ್ಕೆಟ್, ಪೈಪಿನ ಸುರುಳಿ. ಒಳಗೆ ಕಾಲಿಟ್ಟರೆ ಹೊಸ ಚಪ್ಪಲಿಯ ವಾಸನೆ ಮೂಗಿಗೆ ಹೊಡೆಯುತ್ತದೆ. ಅಲ್ಲಿಗೆ ಒಂದು ಬೆಳಿಗ್ಗೆ ದೊಡ್ಡಪ್ಪ ಬಂದ. ಒಂದೇ ಮನೆಯ ಮಹಡಿಯ ಮೇಲಿರುವವನು, ಹೇಳಬೇಕಾದದ್ದನ್ನು ಮೆಟ್ಟಿಲ ಮೇಲೆ ನಿಂತು ಹೇಳಬಹುದಾದವನು, ಗಿರಾಕಿಯ ಹಾಗೆ ಬೀದಿ ದಾಟಿ ಬಂದಾಗಲೇ ಇಣುಕಿಯ ಕಿವಿ ನೆಟ್ಟಗಾಯಿತು. ಅವನು ಕರವಸ್ತ್ರದ ಗಂಟು ಬಿಚ್ಚಿ ಮುಂದಿಟ್ಟ. ಒಳಗೆ ಅವನ ಹಳೆಯ ಮುಳುಗು ಗಡಿಯಾರ, ಪಕ್ಕದಲ್ಲಿ ಎರಡು ತುಂಡಾದ ಕಪ್ಪು ಪಟ್ಟಿ. ಪಟ್ಟಿ ಎಂಥ ಗತಿಗೆ ಬಂದಿತ್ತೆಂದರೆ, ಒಂದು ಕಡೆ ಬಿರುಕು, ಇನ್ನೊಂದು ಕಡೆ ಅಗಿದು ಉಗಿದ ಚ್ಯೂಯಿಂಗ್ ಗಮ್ಮಿನ ಅಂಟು.

"ಇದಕ್ಕೊಂದು ರಬ್ಬರ್ ಪಟ್ಟಿ ಹಾಕಿಕೊಡು," ಎಂದ.

"ಗಡಿಯಾರದ ಅಂಗಡಿಗೆ ಹೋಗೋದಲ್ವಾ ದೊಡ್ಡಪ್ಪ?"

"ಹೋಗಿದ್ದೆ. ಚರ್ಮದ್ದು ಹಾಕ್ತೀನಿ ಅಂದ. ನೀರಿಗಿಳಿಯೋ ಗಡಿಯಾರಕ್ಕೆ ಚರ್ಮ ಹಾಕ್ತಾನಂತೆ. ತಲೆ ನೆಟ್ಟಗಿದೆಯಾ ಅವನಿಗೆ?"

"ಈಗ ನೀರಿಗೆ ಯಾರು ಇಳೀತಾರೆ?"

"ನಾನೇ," ಎಂದ ದೊಡ್ಡಪ್ಪ, ಕಾಫಿಗೆ ಸಕ್ಕರೆ ಬೇಡ ಎಂದಷ್ಟು ತಣ್ಣಗೆ.

ವಿಷಯ ಇಷ್ಟು. ಬಂದರಿನ ಪಕ್ಕದ ಡೈವಿಂಗ್ ಶಾಲೆಯವರು ಹೊಸದಾಗಿ ಆಳವಾದ ಕೊಳ ಕಟ್ಟಿಸಿದ್ದರು. ಭಾನುವಾರ ಅದನ್ನು ತೆರೆಯುವುದಿತ್ತು. ಹಿಂದಿನವರು ಹಡಗಿನ ಅಡಿ ಹೇಗೆ ಕೆಲಸ ಮಾಡುತ್ತಿದ್ದರು, ಕಿವಿಯಲ್ಲಿ ರೇಡಿಯೋ ಇಲ್ಲದೆ ಸೊಂಟಕ್ಕೆ ಕಟ್ಟಿದ ಒಂದು ಹಗ್ಗವನ್ನೇ ನಂಬಿ ಹೇಗೆ ಇಳಿಯುತ್ತಿದ್ದರು ಎಂದು ಶಾಲೆಯ ಹುಡುಗ ಹುಡುಗಿಯರಿಗೆ ತೋರಿಸಲು, ಬಂದರಿನಲ್ಲಿ ಅದೇ ಕೆಲಸ ಮಾಡಿದ್ದ ದೊಡ್ಡಪ್ಪನನ್ನು ಕರೆದಿದ್ದರು. ಡಾಕ್ಟರು ಎದೆ, ಕಿವಿ ಎಲ್ಲ ನೋಡಿ ಆಗಬಹುದು ಅಂದಿದ್ದರು. ಮುದುಕ ಕುಣಿಯುವುದೊಂದು ಬಾಕಿ.

"ಹಗ್ಗ ಯಾರು ಹಿಡೀತಾರೆ?" ಇಣುಕಿ ಕೇಳಿದಳು.

ದೊಡ್ಡಪ್ಪ ಗೋಡೆಯ ವಾಷರುಗಳನ್ನು ನೋಡತೊಡಗಿದ. ವಾಷರಿನಲ್ಲಿ ಅಂಥ ನೋಡುವಂಥದ್ದು ಏನೂ ಇರುವುದಿಲ್ಲ. "ಯಾರಾದರೂ ಹಿಡೀತಾರೆ ಬಿಡು," ಎಂದು ಹೊರಟುಹೋದ.

ಹಗ್ಗ ಹಿಡಿಯುವುದೆಂದರೆ ಏನೆಂದು ಆ ಮನೆಯ ಬೆಕ್ಕಿಗೂ ಗೊತ್ತು. ನೀರಿನ ಕೆಳಗಿರುವವನಿಗೆ ಬಾಯಿಲ್ಲ, ಕಿವಿಯಿಲ್ಲ. ಅವನ ಮಾತೆಲ್ಲ ಹಗ್ಗದಲ್ಲಿ. ಒಮ್ಮೆ ಜಗ್ಗಿದರೆ ಚೆನ್ನಾಗಿದ್ದೇನೆ ಎಂದು, ಬಿಡದೆ ಜಗ್ಗಿದರೆ ಮೇಲೆಳೆಯಿರಿ ಎಂದು. ಅದನ್ನು ಕೈಯಲ್ಲಿ ಹಿಡಿದು ಓದಬೇಕು. ಹಾಗೆ ಓದಿದವನು ಇಷ್ಟು ವರ್ಷ ಒಬ್ಬನೇ: ದೊಡ್ಡಪ್ಪನ ತಮ್ಮ, ಅಂದರೆ ಇಣುಕಿಯ ಅಪ್ಪ. ಅಣ್ಣ ಕೆಳಗೆ, ತಮ್ಮ ಮೇಲೆ. ಮತ್ತು ಅಣ್ಣ ತಮ್ಮ ಮಾತು ಬಿಟ್ಟು ಯಾವ ಕಾಲವಾಯಿತೋ.

ಜಗಳ ಆದದ್ದು ಬಂದರಿನ ಕಟ್ಟೆಯ ಮೇಲೆ. ಒಂದು ಹಡಗಿನ ಪ್ರೊಪೆಲ್ಲರಿಗೆ ಸುತ್ತಿಕೊಂಡಿದ್ದ ಹಗ್ಗ ಕತ್ತರಿಸಲು ದೊಡ್ಡಪ್ಪ ಇಳಿದಿದ್ದ. ಕೆಲಸ ಮುಕ್ಕಾಲು ಆಗಿರುವಾಗ ಅಪ್ಪ, ಕೆಳಗಿರಬಹುದಾದ ಹೊತ್ತು ಮೀರಿತು ಎಂದು, ಎಳೆದೇಬಿಟ್ಟ. ಕೆಲಸ ಅಲ್ಲಿಗೇ ನಿಂತಿತು, ಹಡಗಿನವರು ಬೇರೆಯವರನ್ನು ಕರೆದರು. ದೊಡ್ಡಪ್ಪ ನೀರು ಸೋರುತ್ತ ನಿಂತು, ಕಟ್ಟೆಯ ಜನರೆಲ್ಲ ಕೇಳುವ ಹಾಗೆ ಹೇಳಿದ: "ನನ್ನ ಕೈಲಿ ಗಡಿಯಾರ ಇದೆ. ಇನ್ನೂ ಸಮಯ ಇತ್ತು. ಪುಕ್ಕಲನ ಕೈಗೆ ಹಗ್ಗ ಕೊಟ್ಟಿದ್ದು ನನ್ನ ತಪ್ಪು." ಅಪ್ಪ ಹಗ್ಗವನ್ನು ನೀಟಾಗಿ ಸುತ್ತಿ ಕೆಳಗಿಟ್ಟು ಮನೆಗೆ ನಡೆದ. ಅವತ್ತಿನಿಂದ ಇಬ್ಬರ ಬಾಯಿಗೂ ಬೀಗ.

ಬೀಗ ಅಂದರೆ ಎಂಥದ್ದು. ಊಟ ಒಂದೇ ಅಡುಗೆಮನೆಯಲ್ಲಿ, ಆದರೆ ಪಾಳಿಯ ಮೇಲೆ. ದೊಡ್ಡಪ್ಪ ಮದುವೆಯಾದವನಲ್ಲ, ಮೇಲಿಂದ ಬಂದು ಉಂಡು ಹೋಗುತ್ತಾನೆ. ಅವನ ಕಾಲ ಸಪ್ಪಳ ಮೆಟ್ಟಿಲ ಮೇಲೆ ಅಡಗಿದ ಮೇಲೆ ಅಪ್ಪ ಕೈ ತೊಳೆಯುತ್ತಾನೆ. ನಲ್ಲಿ ಸೋರುತ್ತಿದೆ ಎಂದು ಹೇಳುವುದಕ್ಕೂ ನಡುವೆ ಅಮ್ಮ ಬೇಕು. "ನಿಮ್ಮ ಭಾವನಿಗೆ ಹೇಳು" ಎಂದು ಇವನು, "ನಿನ್ನ ಗಂಡನಿಗೆ ಹೇಳಮ್ಮ" ಎಂದು ಅವನು. "ನಾನೇನು ಈ ಮನೆಗೆ ಸೊಸೆಯಾಗಿ ಬಂದೆನೋ ಟೆಲಿಫೋನ್ ಆಗಿ ಬಂದೆನೋ" ಎಂದು ಅಮ್ಮ ಪಾತ್ರೆಗಳಿಗೆ ಹೇಳಿಕೊಳ್ಳುತ್ತಾಳೆ. ಪಾತ್ರೆಗಳು ಕೇಳಿಸಿಕೊಳ್ಳುತ್ತವೆ, ಪಾಪ.

ಇರಲಿ, ಪಟ್ಟಿಯ ಕತೆಗೆ ಬರೋಣ.

ಇಣುಕಿ ಗಡಿಯಾರವನ್ನು ಬೆಳಕಿಗೆ ಹಿಡಿದು ನೋಡಿದಳು. ದಪ್ಪ ಉಕ್ಕಿನ ಮೈ, ಕಪ್ಪು ಮುಖ, ಮಾಸಿ ಹಳದಿಯಾದ ಅಂಕಿಗಳು. ಮುಖದ ಸುತ್ತ ತಿರುಗುವ ಒಂದು ಬಳೆ. ಇಳಿಯುವಾಗ ಬಳೆಯ ಮೇಲಿನ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ತಿರುಗಿಸಿಟ್ಟರೆ, ಕೆಳಗೆ ಎಷ್ಟು ಹೊತ್ತಾಯಿತೆಂದು ಆಮೇಲೆ ಬಳೆಯ ಮೇಲೇ ಓದಿಕೊಳ್ಳಬಹುದು. ಮೈಯಿಂದ ಮೇಲೆ ಎರಡು, ಕೆಳಗೆ ಎರಡು ಕಿವಿಗಳು ಹೊರಚಾಚಿದ್ದವು. ಆ ಕಿವಿಗಳ ನಡುವೆ ಒಂದೊಂದು ಸ್ಪ್ರಿಂಗ್ ಕಡ್ಡಿ. ಪಟ್ಟಿಯನ್ನು ಹಿಡಿದಿಡುವುದು ಅದೇ.

ಕಿವಿಗಳ ನಡುವಿನ ಅಗಲ ಅಳೆದರೆ ಹತ್ತೊಂಬತ್ತು ಮಿಲಿಮೀಟರ್. ಈಗ ಸಿಗುವ ಪಟ್ಟಿಗಳು ಹದಿನೆಂಟು, ಇಲ್ಲವೇ ಇಪ್ಪತ್ತು. ಹತ್ತೊಂಬತ್ತನ್ನು ನಡುವಿನ ಮಗುವಿನ ಹಾಗೆ ಎಲ್ಲರೂ ಮರೆತಿದ್ದಾರೆ. ಇಣುಕಿ ಇಪ್ಪತ್ತರದ್ದನ್ನೇ ತರಿಸಿದಳು; ಒಳ್ಳೆಯ ಮೆತ್ತನೆಯ ರಬ್ಬರು, ಹಳೆಯದರಲ್ಲಿದ್ದ ಹಾಗೆಯೇ ಅಡ್ಡಡ್ಡ ಏರಿಳಿತದ ಮಡಿಕೆಗಳು. ಸಾಬೂನು ನೀರು ಸವರಿದ ಬ್ಲೇಡಿನಲ್ಲಿ ಎರಡೂ ಅಂಚನ್ನು ಕೂದಲೆಳೆಯಷ್ಟು ಕೆತ್ತಿ, ಮರಳು ಕಾಗದದಲ್ಲಿ ತೀಡಿ, ಕಡ್ಡಿ ಸೇರಿಸಿ ಒತ್ತಿದಳು. ಟಿಕ್ ಎಂದು ಕೂತಿತು. ಬಕಲ್ ಇರುವ ಗಿಡ್ಡ ತುಂಡು ಹನ್ನೆರಡರ ಕಡೆ, ತೂತುಗಳಿರುವ ಉದ್ದ ತುಂಡು ಆರರ ಕಡೆ. ಲೋಕದಲ್ಲಿ ಎಲ್ಲ ಗಡಿಯಾರಕ್ಕೂ ಹಾಗೇ. ತನ್ನ ಕೆಲಸ ನೋಡಿ ತಾನೇ ಹಿಗ್ಗಿದಳು.

ಸಂಜೆ ಮೇಲೆ ಒಯ್ದು ಕೊಟ್ಟಳು. ದೊಡ್ಡಪ್ಪ ಒಂದೇ ಸಲ ನೋಡಿ ವಾಪಸು ಕೈಗಿಟ್ಟ. "ಸರಿಯಿಲ್ಲ."

"ಏನು ಸರಿಯಿಲ್ಲ?"

"ಸರಿಯಿಲ್ಲ ಅಂದ್ನಲ್ಲ. ಇನ್ನೊಂದ್ಸಲ ನೋಡು."

ಬೇರೆಯವರಾಗಿದ್ದರೆ ಮುಖ ಗಂಟಿಕ್ಕಿಕೊಳ್ಳುತ್ತಿದ್ದರು. ಇಣುಕಿಗೆ ಇದು ಹಬ್ಬ. ಏನಿರಬಹುದು? ಅಂಚು ಉಜ್ಜುತ್ತದೆಯೇ ಎಂದು ಇನ್ನಷ್ಟು ತೀಡಿದಳು. ಮತ್ತೆ ಮೇಲೆ ಹೋದಳು. "ಸರಿಯಿಲ್ಲ." ಹೊಸ ಬಕಲ್ ತೆಗೆದು, ಹಳೆಯ ಪಟ್ಟಿಯ ಬಕಲನ್ನೇ ಉಜ್ಜಿ ತೊಳೆದು ಹಾಕಿದಳು. "ಸರಿಯಿಲ್ಲ." ಆ ಮೂರನೆಯ ಸಲ ದೊಡ್ಡಪ್ಪನ ದನಿಯಲ್ಲಿ ಸಿಡುಕು ಇರಲಿಲ್ಲ. ಪರೀಕ್ಷೆ ಬರೆಯುವ ಮಗುವಿನ ಪಕ್ಕ ಕೂತು, ಉತ್ತರ ಗೊತ್ತಿದ್ದೂ ಹೇಳಲಾಗದವನ ಪೇಚಾಟ ಇತ್ತು. ಅದು ಇಣುಕಿಯ ತಲೆಯೊಳಗೆ ಹುಳ ಬಿಟ್ಟಿತು.

ಮಾರನೆಯ ದಿನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಹಳೆಯ ತುಂಡುಗಳನ್ನು ಮೇಜಿನ ಮೇಲೆ ಹರಡಿದಳು. ಬಕಲ್ ಮುಳ್ಳು ಕೂತು ಕೂತು ದೊಡ್ಡದಾಗಿದ್ದ ತೂತು ಪಟ್ಟಿಯ ತುದಿಯಲ್ಲಿತ್ತು. ಅಂದರೆ ಬರಿಯ ಮಣಿಕಟ್ಟಿಗಲ್ಲ, ದಪ್ಪ ಉಡುಪಿನ ಮೇಲೆ ಕಟ್ಟಿದ್ದು. ಅದು ಸರಿ. ಆಮೇಲೆ ಗಡಿಯಾರದ ಕಿವಿಗಳನ್ನು ಭೂತಗನ್ನಡಿಯಲ್ಲಿ ನೋಡಿದಳು. ಹನ್ನೆರಡರ ಕಡೆಯ ಒಂದು ಕಿವಿಯ ಒಳಮೈಯಲ್ಲಿ ಸಣ್ಣ ಉಬ್ಬು, ಎಲ್ಲೋ ಕಬ್ಬಿಣಕ್ಕೆ ಬಡಿದು ಎದ್ದದ್ದು. ಅಂಥ ಉಬ್ಬು ರಬ್ಬರನ್ನು ಬಿಟ್ಟೀತೇ? ಹಳೆಯ ತುಂಡುಗಳ ಅಂಚು ನೋಡಿದಳು. ಗಿಡ್ಡ ತುಂಡು ನಯವಾಗಿತ್ತು. ಆ ಉಬ್ಬಿಗೆ ಸರಿಯಾಗಿ ಹೊಂದುವ ಗೀರು ಇದ್ದದ್ದು ಉದ್ದ ತುಂಡಿನಲ್ಲಿ.

ಅಂದರೆ ಉದ್ದ ತುಂಡು ಮೇಲಿತ್ತು, ಬಕಲ್ ಕೆಳಗಿತ್ತು. ದೊಡ್ಡಪ್ಪ ಇಷ್ಟು ವರ್ಷ ಪಟ್ಟಿಯನ್ನು ಉಲ್ಟಾ ಹಾಕಿಕೊಂಡು ತಿರುಗಿದ್ದನೇ? ಅವಳಿಗೆ ಒಬ್ಬಳೇ ನಗು ಬಂತು. ಆ ನಗುವಿನಲ್ಲೇ ಗಡಿಯಾರ ಒರೆಸಿದಳು. ಒರೆಸುವಾಗ ತೋಳು ತಾಗಿ ಮುಖದ ಸುತ್ತಲಿನ ಬಳೆ ಸರ್ರನೆ ಜಾರಿತು. ಬಿಗಿಯಾಗಿ ಕೂತಿರಬೇಕಾದದ್ದು. ಬೆರಳಿನಿಂದ ಆ ಕಡೆ ನೂಕಿದಳು, ಹೋಯಿತು. ಈ ಕಡೆ ನೂಕಿದಳು, ಬಂತು. ಅವಳ ನಗು ನಿಂತಿತು.

ಅವತ್ತು ಸಂಜೆ ಪಟ್ಟಿಯನ್ನು ಉಲ್ಟಾ ಜೋಡಿಸಿಕೊಂಡು ಮನೆಗೆ ಬಂದಳು. ಅಪ್ಪ ಊಟದ ಮೇಜಿನ ತುದಿಯಲ್ಲಿ ಪೇಪರ್ ಹಿಡಿದು ಕೂತಿದ್ದ. ಅಮ್ಮ ತರಕಾರಿ ಹೆಚ್ಚುತ್ತಿದ್ದಳು. ಇಣುಕಿ ಎದುರಿಗೆ ಕೂತು ತನ್ನ ಎಡಗೈಗೆ ಗಡಿಯಾರ ಕಟ್ಟಿಕೊಳ್ಳಲು ನೋಡಿದಳು. ಆಗಲಿಲ್ಲ. ಬಕಲ್ ಇರಬೇಕಾದ ಕಡೆ ಬಾಲ, ಬಾಲ ಇರಬೇಕಾದ ಕಡೆ ಬಕಲ್. ಬಲಗೈ ಬೆರಳುಗಳಿಗೆ ದಿಕ್ಕೇ ತೋಚಲಿಲ್ಲ. ಮೇಜಿಗೆ ಒತ್ತಿ ಹಿಡಿದಳು, ಜಾರಿತು. ಹಲ್ಲಿನಿಂದ ಕಚ್ಚಿ ಎಳೆದಳು, ಬಾಯಿ ತುಂಬ ರಬ್ಬರ್ ರುಚಿ. ಪೇಪರಿನ ಮೇಲಂಚಿನಲ್ಲಿ ಅಪ್ಪನ ಕಣ್ಣು ಕಂಡಿತು, ಅಡಗಿತು, ಮತ್ತೆ ಕಂಡಿತು. ಕೊನೆಗೆ ತಡೆಯಲಾರದೆ ಪೇಪರ್ ಬಿಸಾಕಿ ಎದ್ದ.

"ಅದು ಹಂಗಲ್ಲ. ತಾ ಇಲ್ಲಿ."

ಎದುರಿಗೆ ನಿಂತು ಅವಳ ಕೈ ಹಿಡಿದ. ಕಣ್ಣು ಗೋಡೆಯ ಮೇಲಿತ್ತು, ಗಡಿಯಾರದ ಮೇಲಲ್ಲ. ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ಉದ್ದ ತುಂಡನ್ನು ಎಳೆದು, ಬಕಲಿನಲ್ಲಿ ತೂರಿಸಿ, ಮುಳ್ಳು ಕೂರಿಸಿ, ಬಾಲವನ್ನು ಉಂಗುರಕ್ಕೆ ಸಿಕ್ಕಿಸಿಬಿಟ್ಟವು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ಮತ್ತು ಅವನ ಬಾಯಿಂದ, ಅವನಿಗೇ ಗೊತ್ತಿಲ್ಲದೆ, ಒಂದು ಮಾತು ಬಂತು.

"ಬಿಗಿಯಾಯ್ತಾ?"

ಅಮ್ಮನ ಚಾಕು ನಿಂತಿತು.

ಇಣುಕಿಗೆ ಎಲ್ಲ ಒಮ್ಮೆಗೇ ಹೊಳೆಯಿತು. ಇದು ಉಲ್ಟಾ ಅಲ್ಲ. ಎದುರಿಗೆ ನಿಂತು ಕಟ್ಟುವವನ ಕೈಗೆ ಇದೇ ಸರಿ. "ನೀನು ಕಟ್ತಿದ್ದೆಯಾ ಅಪ್ಪ?"

"ಮತ್ತೆ? ಅವನು ಉಡುಪು ಹಾಕಿ, ಗ್ಲೌಸ್ ಹಾಕಿ ನಿಂತಿರ್ತಾನೆ. ಆ ಕೈಲಿ ಮೂಗು ಒರೆಸಿಕೊಳ್ಳೋಕೂ ಆಗಲ್ಲ. ಗಡಿಯಾರ ಉಡುಪಿನ ಮೇಲೆ, ಎಲ್ಲದಕ್ಕಿಂತ ಕೊನೆಗೆ. ನಾನೇ ಕಟ್ಟಬೇಕು. ಅದಕ್ಕೇ ಹಂಗೆ ಜೋಡಿಸಿದ್ದು." ಅಪ್ಪನಿಗೆ ಮಾತು ಬರುತ್ತದೆ ಎಂದು ಆ ಮನೆಯಲ್ಲಿ ಮರೆತೇಹೋಗಿತ್ತು. ಬೆರಳಿನಿಂದ ಪಟ್ಟಿಯ ಮಡಿಕೆಗಳನ್ನು ತೋರಿಸಿದ. "ಇದು ಯಾಕಿದೆ ಗೊತ್ತಾ? ಕೆಳಗೆ ಹೋದಷ್ಟೂ ನೀರು ಉಡುಪನ್ನ ಅದುಮುತ್ತೆ. ಕೈ ಸಣ್ಣ ಆಗುತ್ತೆ, ಗಡಿಯಾರ ಜಾರುತ್ತೆ. ಅದಕ್ಕೆ ಇಲ್ಲೇ ಎಳೆದು ಬಿಗಿ ಕಟ್ಟಬೇಕು, ಈ ಮಡಿಕೆ ಬಿಚ್ಚಿಕೊಳ್ಳೋ ಹಂಗೆ. ಕೆಳಗೆ ಹೋದ ಹಂಗೆ ಅದೇ ಮುದುರಿಕೊಂಡು ಕೈನ ಹಿಡಿದುಕೊಳ್ಳುತ್ತೆ."

"ಈ ಬಳೆ ಸಡಿಲ ಇದೆ ಅಪ್ಪ. ತೋಳು ತಾಗಿದರೆ ಸಾಕು ತಿರುಗುತ್ತೆ. ಒಂಚೂರು ಮುಂದೆ ಜರುಗಿದರೆ, ಆಗಿರೋ ಹೊತ್ತಿಗಿಂತ ಕಡಿಮೆ ತೋರಿಸುತ್ತೆ."

ಅಪ್ಪ ಕುರ್ಚಿಗೆ ಮರಳಿದ. "ಗೊತ್ತು."

"ದೊಡ್ಡಪ್ಪನಿಗೆ?"

"ಅದನ್ನ ಕಟ್ಟಿಕೊಂಡೇ ಅರ್ಧ ಆಯಸ್ಸು ನೀರಲ್ಲಿದ್ದೋನು. ಅವನಿಗೆ ಗೊತ್ತಾಗದೆ ಇರುತ್ತಾ? ಜಗಳ ಆದ ಅವತ್ತೇ ಗೊತ್ತಾಗಿದೆ, ಹೊತ್ತು ಮೀರಿತ್ತು ಅಂತ. ಮನೆಗೆ ಬಂದು ಮುಖ ತೋರಿಸಲಿಲ್ಲ ನೋಡು, ಆಗಲೇ ನನಗೆ ತಿಳೀತು."

"ಹಾಗಾದರೆ ಇಷ್ಟು ವರ್ಷ ಯಾಕೆ ಇಬ್ಬರೂ..."

"ಸಿಟ್ಟಿನಲ್ಲಿ ಮಾತು ಬಿಟ್ಟೋನನ್ನ ಕರೆದು ಮಾತಾಡಿಸಬಹುದು," ಅಮ್ಮ ನಡುವೆ ಬಂದಳು. "ನಾಚಿಕೆಯಿಂದ ಬಿಟ್ಟೋನನ್ನ ಏನು ಮಾಡೋದು? ನಾನು ಇಬ್ಬರಿಗೂ ಹೇಳಿ ಹೇಳಿ ಸಾಕಾಯ್ತು."

ಇಣುಕಿ ಕೈಯಿಂದ ಗಡಿಯಾರ ಬಿಚ್ಚಿ ಅಪ್ಪನ ಮುಂದಿಟ್ಟಳು. ಅವಳಿಗೆ ನಿಜಕ್ಕೂ ಭಯವಾಗಿತ್ತು, ಅದನ್ನು ಮುಚ್ಚಿಡಲಿಲ್ಲ. "ಭಾನುವಾರ ಇಳೀತಾನೆ ಅಪ್ಪ. ಹಗ್ಗ ಯಾರೋ ಹಿಡೀತಾರಂತೆ. ಗುರುತಿಲ್ಲದೋರು. ಅವನು ಕೆಳಗಿಂದ ಏನಂದ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ? ನೀನು ಬಾ."

"ಅವನು ಕೇಳಲಿ. ಬರ್ತೀನಿ."

"ಕೇಳಿದಾನಲ್ಲಪ್ಪ," ಎಂದಳು ಇಣುಕಿ. "ಒಬ್ಬನೇ ಕಟ್ಟಿಕೊಳ್ಳೋಕೆ ಆಗೋ ಹಾಗೆ ಮೂರು ಸಲ ಹಾಕಿಕೊಟ್ಟೆ. ಮೂರು ಸಲಾನೂ ಸರಿಯಿಲ್ಲ ಅಂದ."

ಅಪ್ಪ ಪೇಪರನ್ನು ಎತ್ತಿಕೊಂಡ. ಅದು ತಲೆಕೆಳಗಾಗಿತ್ತು. ಅವನು ಅದನ್ನೇ ಓದಿದ.

ಗಡಿಯಾರವನ್ನು ಮೇಲೆ ಒಯ್ದು ಕೊಟ್ಟಾಗ ದೊಡ್ಡಪ್ಪ ಕಿಟಕಿಯ ಹತ್ತಿರ ಹೋಗಿ ತುಂಬ ಹೊತ್ತು ನೋಡಿದ. ಉದ್ದ ತುಂಡನ್ನು ಒಮ್ಮೆ ಬೆರಳಲ್ಲಿ ಸವರಿದ. "ಈಗ ಸರಿಯಾಯ್ತು," ಎಂದ. ಕಟ್ಟಿಕೊಳ್ಳಲಿಲ್ಲ. ಕೆಳಗೆ ಏನಾಯಿತೆಂದು ಅವನು ಕೇಳಲಿಲ್ಲ.

ಭಾನುವಾರ ಶಾಲೆಯ ಕೊಳದ ಸುತ್ತ ಹುಡುಗರೂ ಹುಡುಗಿಯರೂ ಒದ್ದೆ ಕಾಲಿನಲ್ಲಿ ಕೂತಿದ್ದರು. ನೀರು ತಿಳಿಯಾಗಿ, ತಳದ ಹೆಂಚುಗಳು ಅಲುಗಿದ ಹಾಗೆ ಕಾಣುತ್ತಿದ್ದವು. ತಳದಲ್ಲಿ ಒಂದು ಹಳೆಯ ಪ್ರೊಪೆಲ್ಲರ್ ಇಳಿಸಿ ಅದಕ್ಕೆ ಹಗ್ಗ ಸುತ್ತಿದ್ದರು. ದೊಡ್ಡಪ್ಪ ಅದನ್ನು ಕತ್ತರಿಸಿ ತೋರಿಸಬೇಕು. ಇಣುಕಿ ಅಮ್ಮನ ಜೊತೆ ಬಂದಿದ್ದಳು. ಅಪ್ಪ ಬಂದಿರಲಿಲ್ಲ. ಬೆಳಿಗ್ಗೆ ತಲೆನೋವು ಎಂದು ಮುಸುಕೆಳೆದು ಮಲಗಿದ್ದ.

ದೊಡ್ಡಪ್ಪ ಕಪ್ಪು ಉಡುಪು ತೊಟ್ಟು, ಗ್ಲೌಸ್ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಅಂಚಿನಲ್ಲಿ ನಿಂತ. ದಪ್ಪ ಅಂಗೈಯಲ್ಲಿ ಗಡಿಯಾರ. ಶಾಲೆಯ ಮೇಷ್ಟ್ರು ಒಳ್ಳೆಯ ಮನುಷ್ಯ, ನಗುತ್ತ ಬಂದು ಕಟ್ಟಲು ಹೋದರು. ಪಟ್ಟಿ ಉಲ್ಟಾ ಇದೆಯಲ್ಲ ಎಂದು ಪಕ್ಕಕ್ಕೆ ಬಂದು ನಿಂತರು, ದೊಡ್ಡಪ್ಪನ ತೋಳನ್ನು ತಿರುಚಿದರು, ಬಾಲವನ್ನು ಎರಡು ಸಲ ಕೈಬಿಟ್ಟರು. ದೊಡ್ಡಪ್ಪ ತೋಳು ಕೊಟ್ಟು ನಿಂತಿದ್ದ. ಅವನ ಕಣ್ಣು ಬಾಗಿಲ ಮೇಲಿತ್ತು. ಇಣುಕಿ ಎದ್ದಳು, ತಾನೇ ಹೋಗಿ ಕಟ್ಟುತ್ತೇನೆ ಎಂದು. ಅಮ್ಮ ಅವಳ ಸೆರಗು ಹಿಡಿದು ಕೂರಿಸಿದಳು.

ಬಾಗಿಲಲ್ಲಿ ಅಪ್ಪ ನಿಂತಿದ್ದ, ಕೈಯಲ್ಲಿ ಅಮ್ಮನ ಕೊಡೆ ಹಿಡಿದು.

"ಕೊಡೆ ಮನೇಲೇ ಬಿಟ್ಟು ಬಂದಿದ್ದೀಯ," ಎಂದು ಅಮ್ಮನ ಮಡಿಲಲ್ಲಿ ಹಾಕಿದ. ಹೊರಗೆ ಮಳೆಯೂ ಇರಲಿಲ್ಲ, ಅಂಥ ಬಿಸಿಲೂ ಇರಲಿಲ್ಲ. ಅಮ್ಮ ಕೊಡೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

ಅಪ್ಪ ಅಂಚಿಗೆ ನಡೆದ. ಮೇಷ್ಟ್ರ ಕೈಯನ್ನು ಮೆಲ್ಲಗೆ ಸರಿಸಿ ಅಣ್ಣನ ಎದುರಿಗೆ ನಿಂತ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಇಬ್ಬರ ಕಣ್ಣೂ ಗಡಿಯಾರದ ಮೇಲೆ. ಉದ್ದ ತುಂಡನ್ನು ಮಡಿಕೆ ಬಿಚ್ಚುವಷ್ಟು ಎಳೆದು, ಬಕಲಿನಲ್ಲಿ ತೂರಿಸಿ, ಮುಳ್ಳು ಕೂರಿಸಿದ.

"ಬಿಗಿಯಾಯ್ತಾ?" ಅಪ್ಪ ಕೇಳಿದ.

"ಇನ್ನೊಂದು ತೂತು," ಎಂದ ದೊಡ್ಡಪ್ಪ.

ಅಪ್ಪ ಇನ್ನೊಂದು ತೂತಿಗೆ ಎಳೆದ. ಬಾಲ ಸಿಕ್ಕಿಸಿದ. ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ತಿರುಗಿಸಲು ಬೆರಳಿಟ್ಟ. ಆಗ ದೊಡ್ಡಪ್ಪ ಗ್ಲೌಸಿನ ಕೈಯನ್ನು ಆ ಬೆರಳುಗಳ ಮೇಲಿಟ್ಟು ತಡೆದ.

"ಅದು ಬಿಡು. ಅದು ಜಾರುತ್ತೆ." ಎಲ್ಲರಿಗೂ ಕೇಳಿಸಿತು, ಅವನು ದನಿ ತಗ್ಗಿಸಲಿಲ್ಲ. "ಅವತ್ತೂ ಜಾರಿತ್ತು. ನೀನು ಎಳೆದಾಗ ಬರ್ತೀನಿ."

ಅಪ್ಪ ಹಗ್ಗ ಎತ್ತಿಕೊಂಡ. ದೊಡ್ಡಪ್ಪ ಮುಖವಾಡ ಇಳಿಸಿ, ಬೆನ್ನ ಮೇಲೆ ಗಾಳಿಯ ಸಿಲಿಂಡರ್ ಹೊತ್ತು, ಮೆಟ್ಟಿಲಿಳಿದು ನೀರಿನೊಳಗೆ ಹೋದ. ಗುಳ್ಳೆಗಳು ಎದ್ದವು. ಅಪ್ಪನ ಕೈಯಲ್ಲಿ ಹಗ್ಗ ಒಮ್ಮೆ ಜಗ್ಗಿತು. ಅಪ್ಪನೂ ಒಮ್ಮೆ ಜಗ್ಗಿದ. ಅಮ್ಮ ಕೊಡೆಯ ಹಿಡಿಯಿಂದ ಕಣ್ಣು ಒರೆಸಿಕೊಳ್ಳಲು ನೋಡಿ, ಆಗದೆ ಇಣುಕಿಯ ತೋಳಿಗೆ ಒರೆಸಿದಳು.

ತಳದಲ್ಲಿ ಕೆಲಸ ಚೆನ್ನಾಗಿಯೇ ನಡೆದಿತ್ತು. ಪ್ರೊಪೆಲ್ಲರಿನ ಹಗ್ಗದ ಒಂದು ಸುತ್ತು ಬಿಡಿಸಿಕೊಂಡಿತು, ಇನ್ನೊಂದು ಬಿಡಿಸಿಕೊಂಡಿತು, ಹುಡುಗರು ಚಪ್ಪಾಳೆ ತಟ್ಟಿದರು. ಇನ್ನೊಂದೇ ಸುತ್ತು ಉಳಿದಿತ್ತು. ಆಗ ಅಪ್ಪ ಯಾರನ್ನೂ ಕೇಳದೆ ಹಗ್ಗ ಎಳೆಯತೊಡಗಿದ.

ಮೇಷ್ಟ್ರು ತಮ್ಮ ಗಡಿಯಾರ ನೋಡಿಕೊಂಡರು. ತಳದಲ್ಲಿ ದೊಡ್ಡಪ್ಪ ತಲೆಯೆತ್ತಿದ. ಕೈಯಲ್ಲಿದ್ದ ಚಾಕುವನ್ನು ಸೊಂಟದ ಒರೆಗೆ ಸೇರಿಸಿ, ಕತ್ತರಿಸದ ಆ ಒಂದು ಸುತ್ತನ್ನು ಹಾಗೇ ಬಿಟ್ಟು, ಮೇಲೆದ್ದು ಬಂದ.

"ಇನ್ನೂ ಬೇಕಾದಷ್ಟು ಸಮಯ ಇತ್ತಲ್ಲ, ಯಾಕೆ ಬಂದಿರಿ?" ಮೇಷ್ಟ್ರು ಕೇಳಿದರು.

ದೊಡ್ಡಪ್ಪ ಮುಖವಾಡ ಎತ್ತಿ, ಮುಖದ ನೀರು ಒರೆಸಿಕೊಂಡ. ಗಡಿಯಾರದ ಕೈಯನ್ನು, ಬಿಚ್ಚು ಎನ್ನುವ ಹಾಗೆ, ತಮ್ಮನ ಮುಂದೆ ಚಾಚಿದ.

"ನನ್ನ ತಮ್ಮ ಎಳೆದ," ಎಂದ. "ಬಂದೆ."